ಪೊಡಿಯಾಕನ ಕ್ಯಾಸೆಟ್ಟಿನಲ್ಲಿ ನಕ್ಕವರು

ಸೌದಿಯ ಯಾನ್ಬುವಿನಲ್ಲಿ ನಮ್ಮ ಕಂಪನಿಯ ಕಾಂಪೌಂಡಿನೊಳಗೆ ಒಂದು ಅಮೆರಿಕನ್ ಶಾಲೆ ಇತ್ತು. ಎಂಬತ್ತರ ದಶಕದ ಮಾತು. ರಿಫೈನರಿ ಕೆಲಸಕ್ಕೆ ಬಂದ ಎಂಜಿನಿಯರುಗಳು ಸಂಸಾರ ಸಮೇತ ಬಂದಿದ್ದರು. ಬಂದವರು ಸುಮ್ಮನಿರದೆ ತಮ್ಮ ಯಾವುದೋ ಸಣ್ಣ ಊರಿನ ಹೈಸ್ಕೂಲನ್ನು ಬುಡಸಮೇತ ಕಿತ್ತು ತಂದು ಮರಳಿನಲ್ಲಿ ನೆಟ್ಟಿದ್ದರು. ಹಳದಿ ಬಸ್ಸು, ಓಣಿಯ ಎರಡೂ ಬದಿಗೆ ಕಬ್ಬಿಣದ ಲಾಕರು, ಮರದ ನೆಲದ ಆಟದ ಹಾಲ್, ಅದರ ಗೋಡೆಯ ಮೇಲೆ ಹಲ್ಲು ಕಿರಿದ ಹುಲಿ. ಗೇಟಿನ ಹೊರಗೆ ಸೌದಿ, ಒಳಗೆ ಅಮೆರಿಕ. ಆಚೆ ಹೋಗುವಾಗ ಕಪ್ಪು ಅಬಾಯಾ ಹೊದ್ದುಕೊಳ್ಳುತ್ತಿದ್ದ ಹುಡುಗಿಯರು ಒಳಗೆ ಬಂದರೆ ಚಡ್ಡಿ ಹಾಕಿಕೊಂಡು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಇದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಆ ನಂಬದವರಿಂದಾಗಿ ಪೊಡಿಯಾಕ ಪಟ್ಟ ಪಾಡನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪೊಡಿಯಾಕ ಅಂದರೆ ವಿಟ್ಲದ ಕಡೆಯ ಪೊಡಿಯಬ್ಬ. ಆ ಹಾಲಿನ ಮರದ ನೆಲ ಒರೆಸುವುದು ಅವರ ಕೆಲಸ. ನಾನು ಅದೇ ಕಂಪನಿಯ ಸ್ಟೋರ್‌ಕೀಪರ್. ಪೊರಕೆ, ಸೋಪಿನ ನೀರು, ನೆಲಕ್ಕೆ ಹಚ್ಚುವ ಮೇಣ ಎಲ್ಲ ನನ್ನ ಕಿಟಕಿಯಿಂದಲೇ ಅವರಿಗೆ ಹೋಗಬೇಕು. ಕ್ಯಾಂಪಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದ ಕೂಡಲೇ ಅವರಿಗೆ ನಿದ್ದೆ. ಸಂಜೆ ಬಸ್ಸಿನಲ್ಲಿ ಮತ್ತೆ ನಿದ್ದೆ. ಕೋಣೆಗೆ ಬಂದು ಬೂಟು ಕಳಚುವಾಗ "ಸಾಕಾಯ್ತು ಮಾರಾಯ" ಎಂಬ ಒಂದೇ ಮಾತು. ಮರುದಿನ ಬಸ್ಸಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವರೂ ಅವರೇ. ಮಕ್ಕಳ ಬೂಟುಗಳು ನೆಲದ ಮೇಲೆ ಬಿಡುತ್ತಿದ್ದ ಕಪ್ಪು ಗೆರೆಗಳನ್ನು ಮೊಣಕಾಲೂರಿ ಉಜ್ಜಿ ಉಜ್ಜಿ, ಆಮೇಲಾಮೇಲೆ ನಮಾಜಿಗೆ ಕೂತರೆ ಏಳುವುದೂ ಅವರಿಗೆ ಕಷ್ಟವಾಗುತ್ತಿತ್ತು. ಶಾಲೆಗೆ ಬೇಸಿಗೆ ರಜೆ ಬಂದರೆ ಟೀಚರುಗಳೆಲ್ಲ ವಿಮಾನ ಹತ್ತುತ್ತಿದ್ದರು. ಪೊಡಿಯಾಕನಿಗೆ ಮಾತ್ರ ಆಗಲೇ ದೊಡ್ಡ ಕೆಲಸ. ಇಡೀ ಹಾಲಿನ ಹಳೆ ಮೇಣ ಕೆರೆದು ಹೊಸದು ಹಚ್ಚಬೇಕಿತ್ತು.

ಆ ಶಾಲೆಗೆ ಒಂದು ಕೊರತೆ ಇತ್ತು. ಒಂಬತ್ತನೇ ಕ್ಲಾಸಿಗೆ ಅದು ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಮಕ್ಕಳು ತಂದೆತಾಯಿಯನ್ನು ಬಿಟ್ಟು ಹೊರದೇಶದ ಹಾಸ್ಟೆಲ್ ಶಾಲೆಗೆ ಹೋಗಬೇಕು. ಹಾಗಾಗಿ ವರ್ಷದ ಕೊನೆಗೆ ಹಾಲಿನಲ್ಲಿ ಕುರ್ಚಿ ಹಾಕಿ, ಮಕ್ಕಳಿಗೆ ನಿಲುವಂಗಿ ಟೋಪಿ ತೊಡಿಸಿ, ಬೀಳ್ಕೊಡುವ ಸಮಾರಂಭ. ಪೊಡಿಯಾಕ ಕೆಲಸಕ್ಕೆ ಸೇರಿದ ಮೊದಲ ವರ್ಷ, ಆ ದಿನ ನನ್ನ ಸ್ಟೋರಿನ ಕಿಟಕಿಗೆ ಓಡಿ ಬಂದರು.

"ಉಗ್ಗಪ್ಪ, ಯಾರು ಮಾರಾಯ ತೀರಿಹೋದದ್ದು? ಒಳಗೆ ಗಂಡಸರು ಹೆಂಗಸರು ಎಲ್ಲ ಅಳ್ತಾ ಇದ್ದಾರೆ."

"ಯಾರೂ ಸತ್ತಿಲ್ಲ. ಮಕ್ಕಳು ದೂರ ಓದ್ಲಿಕ್ಕೆ ಹೋಗ್ತಾರಂತೆ, ಅದಕ್ಕೆ ಅಳುವುದು."

ಅವರು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದರು. "ಓದ್ಲಿಕ್ಕೆ ಹೋಗುವುದಕ್ಕಾ? ಇದೇ ಪ್ರಾಯದ ಹುಡುಗಿಯನ್ನು ನಾವು ಮದುವೆ ಮಾಡಿ ಕಳಿಸುವಾಗ ಅಳುವುದು" ಎಂದರು.

ಅಂದಿನಿಂದ ಅವರ ತಲೆಗೆ ಒಂದು ಹುಳ ಹೊಕ್ಕಿತು. ಊರಿನಲ್ಲಿ ಅವರ ಹಿರಿಯ ಮಗಳು ಖದೀಜತ್ ಆಗ ಏಳನೇ ಕ್ಲಾಸು. ಅವರ ಕಡೆ ಹುಡುಗಿಯರನ್ನು ಶಾಲೆ ಬಿಡಿಸುವುದು ಅಲ್ಲಿಗೇ. ಇವರು ಹಟ ಹಿಡಿದು ಅವಳನ್ನು ಪೇಟೆಯ ಸರಕಾರಿ ಹೈಸ್ಕೂಲಿಗೆ ಸೇರಿಸಿದರು. ಹತ್ತನೆಯದು ಮುಗಿಸಬೇಕು, ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಅದಕ್ಕಿಂತ ಹೆಚ್ಚಿನ ಆಸೆ ಅವರಿಗೆ ಇರಲಿಲ್ಲ. ಪಾಸಾದ ಮೇಲೆ ಏನು ಎಂದು ನಾನು ಕೇಳಿದರೆ, "ಅದು ಅವಳಿಗೆ ಗೊತ್ತಿರ್ತದೆ, ನನಗೆ ಹೇಗೆ ಗೊತ್ತು?" ಎನ್ನುತ್ತಿದ್ದರು.

ನಮ್ಮ ಕ್ಯಾಂಪಿನಲ್ಲಿ ಕಾಗದ ಬರೆಯುವವರು ಕಡಿಮೆ, ಮಾತನಾಡಿ ಕಳಿಸುವವರೇ ಹೆಚ್ಚು. ಟೇಪ್‌ರೆಕಾರ್ಡರಿನ ಎದುರು ಕೂತು ಊರಿನವರೊಡನೆ ಮಾತನಾಡಿದ ಹಾಗೆ ಮಾತನಾಡುವುದು. ಆ ಕ್ಯಾಸೆಟ್ಟನ್ನು ರಜೆಗೆ ಹೋಗುವವರ ಕೈಯಲ್ಲಿ ಕಳಿಸುವುದು. ಊರಿನಲ್ಲಿ ಅದನ್ನು ಮನೆಮಂದಿ, ನೆರೆಯವರು, ನೆಂಟರು ಎಲ್ಲ ಒಟ್ಟಿಗೆ ಕೂತು ಕೇಳುವುದು. ಅಲ್ಲಿಂದಲೂ ಹಾಗೆಯೇ ಕ್ಯಾಸೆಟ್ ಬರುತ್ತಿತ್ತು, ಇಲ್ಲಿ ಕೋಣೆಯವರೆಲ್ಲ ಕೇಳುತ್ತಿದ್ದರು. ಹೀಗೆ ಹತ್ತು ಗಂಡಸರ ಕಿವಿಗೆ ಬೀಳುವುದರಿಂದಲೇ, ದೊಡ್ಡವಳಾದ ಹುಡುಗಿ ಕ್ಯಾಸೆಟ್ಟಿನಲ್ಲಿ ಮಾತನಾಡಬಾರದು ಎಂದೂ ಒಂದು ಕ್ರಮ. ಖದೀಜತ್ ಹೈಸ್ಕೂಲಿಗೆ ಹೋದ ವರ್ಷದಿಂದ ಅವಳ ದನಿ ಬರುವುದು ನಿಂತಿತ್ತು. ಹೆಂಡತಿ ಹವ್ವಮ್ಮ, ಸಣ್ಣ ಮಕ್ಕಳು, ಹಿತ್ತಿಲಿನ ಕೋಳಿ ಎಲ್ಲ ಮಾತನಾಡುತ್ತಿದ್ದವು. "ಖದೀಜತ್ ಸಲಾಂ ಹೇಳಿದ್ದಾಳೆ" ಎಂಬಲ್ಲಿಗೆ ಅವಳ ಪಾಲು ಮುಗಿಯುತ್ತಿತ್ತು.

ಅವಳು ಒಂಬತ್ತನೆಯ ಕ್ಲಾಸಿನಲ್ಲಿರುವಾಗ ಹವ್ವಮ್ಮನ ಅಣ್ಣ ಮಹಮ್ಮದ್ ಕುಂಞಿಯ ದನಿ ಕ್ಯಾಸೆಟ್ಟಿನಲ್ಲಿ ಬಂತು. ಒಳ್ಳೆಯ ಸಂಬಂಧ ಬಂದಿದೆ. ಜವಳಿ ಅಂಗಡಿಯ ಅಬ್ದುಲ್ ಖಾದಿರ್ ಹಾಜಿಯವರ ಮಗ. ನೀವು ಏಪ್ರಿಲಿನಲ್ಲಿ ರಜೆಗೆ ಬಂದಾಗ, ರಂಝಾನಿಗೆ ಮೊದಲು ನಿಕಾಹ್ ಮಾಡಿ ಮುಗಿಸುವ. ಪೊಡಿಯಾಕ ಕೇಳಿ ಮುಗಿಸಿ, ಬಟ್ಟೆ ಒಗೆಯಲು ಎದ್ದು ಹೋದರು.

ಆಗ ನಾನು ಊರಿಗೆ ಹೊರಟಿದ್ದೆ. ಒಂದು ಸಂಜೆ ಅವರು ನನ್ನ ಟೇಪ್‌ರೆಕಾರ್ಡರ್ ಕೇಳಿ ಶಾಲೆಗೆ ಒಯ್ದರು. ಕೋಣೆಯಲ್ಲಿ ಏಸಿಯ ಗದ್ದಲ. ಮೇಲಾಗಿ ಮಗಳ ವಿಷಯ, ಎಲ್ಲರೆದುರು ಸಿಟ್ಟು ಮಾಡಲು ಅವರಿಗೆ ಇಷ್ಟವಿಲ್ಲ. ಆಟದ ಹಾಲಿಗೆ ತಾಗಿ ಪೊರಕೆ, ಬಕೆಟು ಇಡುವ ಸಣ್ಣ ಕೋಣೆ ಇತ್ತು. ಅಲ್ಲಿ ಮಗುಚಿದ ಬಕೆಟಿನ ಮೇಲೆ ಕೂತು ಮಾತನಾಡಿದ್ದಾರೆ. ಪಕ್ಕದ ಹಾಲಿನಲ್ಲಿ ಹುಡುಗಿಯರ ಆಟ ನಡೆದಿತ್ತು. ವರ್ಷಗಟ್ಟಲೆ ದಿನಾ ಆ ಗದ್ದಲದಲ್ಲೇ ಇದ್ದವರಿಗೆ ಅದು ಗದ್ದಲ ಅನ್ನಿಸುವುದೇ ಇಲ್ಲ. ಅವರ ಲೆಕ್ಕದಲ್ಲಿ ಆ ಕೋಣೆ ನಿಶ್ಶಬ್ದವಾಗಿತ್ತು. ರೆಕಾರ್ಡ್ ಮಾಡಿದ್ದನ್ನು ತಿರುಗಿ ಹಾಕಿ ಕೇಳುವ ಅಭ್ಯಾಸವೂ ಅವರಿಗಿಲ್ಲ. ತನ್ನ ದನಿ ತಾನೇ ಕೇಳಲು ನಾಚಿಕೆಯಂತೆ. ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಬೇಡ ಅಂತ ಹೇಳಿದ್ದೇನೆ. ಹತ್ತನೆಯದು ಮುಗಿಯುವವರೆಗೆ ಮದುವೆಯ ಸುದ್ದಿ ಎತ್ತಬಾರದು ಅಂತ ಹೇಳಿದ್ದೇನೆ. ಇಷ್ಟು ಜೋರಾಗಿ ಮಾತಾಡಿದ್ದು ಇದೇ ಮೊದಲು ಮಾರಾಯ" ಎಂದರು.

ವಿಟ್ಲದ ಅವರ ಮನೆಗೆ ನಾನು ಹೋದ ದಿನವೇ ಆ ಹಾಜಿಯವರೂ ಅಲ್ಲಿರಬೇಕೇ? ನಾನು ಬರುತ್ತೇನೆಂದು ತಿಳಿದು ಮಹಮ್ಮದ್ ಕುಂಞಿಯೇ ಅವರನ್ನು ಕರೆಸಿದ್ದರಂತೆ. ಗಲ್ಫಿನಿಂದ ಒಪ್ಪಿಗೆಯ ಮಾತು ಬಂದಿದೆ, ಗಂಡಿನ ಕಡೆಯವರ ಎದುರಿಗೇ ಹಾಕಿದರೆ ಗೌರವ ಎಂದು ಅವರ ಎಣಿಕೆ. ನಾನು "ಆಮೇಲೆ ಕೇಳಿ, ಮೊದಲು ನೀವು ಮನೆಯವರು ಕೇಳಿ" ಎಂದು ಎರಡು ಸಲ ಹೇಳಿದೆ. ಯಾರು ಕೇಳುತ್ತಾರೆ? ಅಕ್ಕಿರೊಟ್ಟಿ ಕೋಳಿಸಾರು ಬಡಿಸಿ ನನ್ನ ಬಾಯಿ ಮುಚ್ಚಿಸಿದರು. ಚಾವಡಿಯಲ್ಲಿ ಗಂಡಸರು, ಒಳಬಾಗಿಲಿನ ಪರದೆಯ ಹಿಂದೆ ಹೆಂಗಸರು. ಕ್ಯಾಸೆಟ್ ತಿರುಗಿತು.

ಸಲಾಂ ಆಯಿತು. ಊರವರೆಲ್ಲರ ಸೌಖ್ಯ ವಿಚಾರಿಸಿದ್ದಾಯಿತು. "ಖದೀಜತಿನ ವಿಷಯ" ಎಂದು ಪೊಡಿಯಾಕ ಶುರುಮಾಡಿದರು. ಆಗಲೇ ಹಿಂದಿನಿಂದ ಹುಡುಗಿಯರ ನಗು. ಒಬ್ಬಳಲ್ಲ ಇಬ್ಬರಲ್ಲ, ಒಂದು ಹಿಂಡು. ಕಿರುಚಾಟ, ಸೀಟಿ, ಧಡಧಡ ಓಡುವ ಸದ್ದು, ಇಂಗ್ಲಿಷಿನಲ್ಲಿ ಏನೋ ಕೂಗು, ಮತ್ತೆ ಬಿದ್ದು ಬಿದ್ದು ನಗು. ನಡುವೆ ಪೊಡಿಯಾಕನ ದನಿ: "ಅವಳು ಓದಲಿ. ನನ್ನ ಮಾತು ಮೀರಿ ಯಾರೂ ಏನೂ ಮಾಡಬೇಡಿ."

ಹಾಜಿಯವರು ಚಾದ ಗ್ಲಾಸು ಕೆಳಗಿಟ್ಟರು. ಮಹಮ್ಮದ್ ಕುಂಞಿ ಟೇಪ್ ನಿಲ್ಲಿಸಿದರು.

"ಅದು ಶಾಲೆಯ ಮಕ್ಕಳು ಮಾರಾಯ್ರೆ" ಎಂದು ನಾನು ಎದ್ದೆ. "ಪೊಡಿಯಾಕ ಕೆಲಸ ಮಾಡುವ ಶಾಲೆಯಲ್ಲಿ ಅಮೆರಿಕದ ಹುಡುಗಿಯರು ಚೆಂಡಾಟ ಆಡುವುದು. ಅದರ ಸದ್ದು."

"ಸೌದಿಯಲ್ಲಿ ಹುಡುಗಿಯರ ಚೆಂಡಾಟವಾ?" ಹಾಜಿಯವರು ನಕ್ಕರು. "ನಾನು ಹಜ್ಜಿಗೆ ಹೋಗಿ ಬಂದವ. ಅಲ್ಲಿ ಹೆಂಗಸರ ಉಗುರು ಕಾಣುವುದಿಲ್ಲ. ಯಾರಿಗೆ ಹೇಳ್ತೀರಿ ನೀವು?"

"ಕಾಂಪೌಂಡಿನ ಒಳಗೆ ಬೇರೆಯೇ."

"ನೀವು ಅವರ ಕೋಣೆಯವರಲ್ವಾ, ಹಾಗೆ ಹೇಳ್ಲೇಬೇಕು." ಅವರು ಶಾಲು ಕೊಡವಿ ಎದ್ದರು. "ಮಗಳ ಮದುವೆ ಬೇಡ ಅನ್ನುವುದು ಯಾಕೆ ಅಂತ ಈಗ ಗೊತ್ತಾಯ್ತು. ಅಲ್ಲಿ ಹೆಂಗಸರ ನಡುವೆ ಮನುಷ್ಯ ಬೇರೆ ಲೋಕದಲ್ಲಿದ್ದಾನೆ."

ನನಗೆ ಎಂಥ ಸಿಟ್ಟು ಬಂತೆಂದರೆ, ತಿಂದ ಕೋಳಿ ಅಲ್ಲೇ ಕಹಿಯಾಯಿತು. ಮೊಣಕಾಲು ಸವೆಸಿ ದುಡಿಯುವ ಮನುಷ್ಯನ ಮೇಲೆ ಹೀಗೆ ಒಂದು ಗಳಿಗೆಯಲ್ಲಿ ಕೆಸರು ಎರಚಿಬಿಟ್ಟರು. ನಾನು ಹೊರಡುವಾಗ ಪರದೆಯ ಹಿಂದಿನಿಂದ ಹವ್ವಮ್ಮನ ದನಿ ಬಂತು. "ಉಗ್ಗಪ್ಪಣ್ಣ, ಸತ್ಯ ಹೇಳಿ. ಅವರು ಯಾರು?"

"ಮಕ್ಕಳು ತಾಯಿ. ನಿಮ್ಮ ಖದೀಜತಿನ ಪ್ರಾಯದವರು."

"ಖದೀಜತಿನ ಪ್ರಾಯದವರು ಹಾಗೆ ನಗ್ತಾರಾ?" ಎಂದು ಅವರು ಕೇಳಿದರು. ಅಂಥ ನಗುವನ್ನು ಆ ಮನೆಯಲ್ಲಿ ಯಾವ ಹುಡುಗಿಯೂ ನಕ್ಕಿರಲಾರಳು. ನನ್ನ ಮನೆಯಲ್ಲೂ ನಕ್ಕಿರಲಿಲ್ಲ.

ಸಂಬಂಧ ಮುರಿಯಿತು. ಸುದ್ದಿ ಮಸೀದಿಯ ಮೆಟ್ಟಿಲು, ಮೀನಿನ ಮಾರ್ಕೆಟ್ಟು, ಬಸ್‌ಸ್ಟ್ಯಾಂಡು ಎಲ್ಲ ಸುತ್ತಿತು. ಸುತ್ತುವಾಗ ಒಂದು ಹಿಂಡು ಹುಡುಗಿಯರು ಒಬ್ಬಳು ಹೆಂಗಸಾದರು, ಆ ಹೆಂಗಸು ಎರಡನೇ ಹೆಂಡತಿಯಾದಳು. ನಾನು ಯಾನ್ಬುವಿಗೆ ಮರಳಿ ಎಲ್ಲವನ್ನೂ ಹೇಳಿದಾಗ ಪೊಡಿಯಾಕ ಬೂಟು ಕಳಚುತ್ತಿದ್ದವರು ಒಂದು ಬೂಟಿನಲ್ಲೇ ಕೂತುಬಿಟ್ಟರು.

"ನಗುವಾ? ಅದರಲ್ಲಿ ನಗು ಕೇಳ್ತದಾ?" ಎಂದರು. ಆಮೇಲೆ, "ನನಗೆ ಕೇಳ್ಲೇ ಇಲ್ಲ ಮಾರಾಯ."

ಹವ್ವಮ್ಮನ ಕ್ಯಾಸೆಟ್ ಬರುವುದು ನಿಂತಿತು. ಪೊಡಿಯಾಕ ಎರಡು ಕಳಿಸಿದರು, ಉತ್ತರವಿಲ್ಲ. ಬಂದದ್ದು ಮಹಮ್ಮದ್ ಕುಂಞಿಯದು. ಇಷ್ಟೆಲ್ಲ ಆದ ಮೇಲೆ ಒಳ್ಳೆಯ ಸಂಬಂಧ ಇನ್ನು ಬರುವುದಿಲ್ಲ. ಪುತ್ತೂರಿನ ಕಡೆಯದೊಂದು ಇದೆ, ಹೆಂಡತಿ ತೀರಿಹೋದ ಗಂಡು. ನೀವು ರಜೆಗೆ ಬನ್ನಿ ಭಾವ, ಬಂದು ಕೈಕೊಟ್ಟು ಮುಗಿಸಿಬಿಡಿ.

ನಿಕಾಹಿನಲ್ಲಿ ಮದುಮಗನ ಕೈಗೆ ಕೈಕೊಟ್ಟು ಹುಡುಗಿಯನ್ನು ಒಪ್ಪಿಸಬೇಕಾದವನು ತಂದೆ. ಬೇರೆಯವರಿಗೆ ವಹಿಸಬಹುದು, ಆದರೆ ಅದಕ್ಕೂ ತಂದೆಯ ಮಾತು ಬೇಕು. ಪೊಡಿಯಾಕ ಇದನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದರೋ ಏನೋ, ಒಂದು ದಿನ ಆಫೀಸಿಗೆ ಹೋಗಿ ರಜೆ ಬೇಡವೆಂದು ಹೇಳಿ ಬಂದರು. ನಾನು ರೇಗಿದೆ.

"ನಿಮಗೆ ತಲೆ ಕೆಟ್ಟಿದಾ? ಎರಡು ವರ್ಷ ಆಯ್ತು ಊರು ಕಾಣದೆ. ಈಗ ಹೋಗದಿದ್ರೆ ಅವರು ಹೇಳಿದ್ದೇ ನಿಜ ಅಂತ ಆಗ್ತದೆ."

"ಹೋದ್ರೆ ಕೈಕೊಡ್ಬೇಕಾಗ್ತದೆ" ಎಂದರು. "ಅಲ್ಲಿ ಹತ್ತು ಜನ ಕೂತು ಹೇಳುವಾಗ ಇಲ್ಲ ಅನ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಉಗ್ಗಪ್ಪ. ನನಗೆ ನನ್ನ ಗುಣ ಗೊತ್ತುಂಟು. ಇಲ್ಲಿ ಕೂತ್ರೆ ಇಲ್ಲ ಅಂದ ಹಾಗೆಯೇ. ಅವಳು ಹತ್ತನೆಯದಕ್ಕೆ ಹೋಗಲಿ."

ಹಾಗೆ ಖದೀಜತ್ ಹತ್ತನೇ ಕ್ಲಾಸಿಗೆ ಹೋದಳು. ಹೋಗು ಎಂದು ಯಾರೂ ಅನ್ನಲಿಲ್ಲ, ತಡೆಯಲು ಕಾರಣವೂ ಉಳಿದಿರಲಿಲ್ಲ. ಇತ್ತ ಪೊಡಿಯಾಕನಿಗೆ ಅದು ಊರು ಕಾಣದ ಮೂರನೆಯ ವರ್ಷ. ಶುಕ್ರವಾರ ಎಲ್ಲರೂ ತಂತಮ್ಮ ಕ್ಯಾಸೆಟ್ ಕೇಳುವಾಗ ಅವರು ಬಕೆಟ್ ಹಿಡಿದು ಹೊರಗೆ ಹೋಗುತ್ತಿದ್ದರು; ಒಗೆದ ಅಂಗಿಯನ್ನೇ ಮತ್ತೆ ಒಗೆಯುತ್ತಿದ್ದರು. ಕೂದಲು ಪೂರಾ ಬೆಳ್ಳಗಾಯಿತು. ಆಟದ ಹಾಲಿನ ನಗು ಈಗ ಅವರಿಗೆ ಕೇಳತೊಡಗಿತ್ತು. ಹುಡುಗಿಯರು ನಕ್ಕ ಕೂಡಲೇ ಬೆಚ್ಚಿ ಪೊರಕೆ ನಿಲ್ಲಿಸುತ್ತಿದ್ದರು. ಆಟದ ಟೀಚರಮ್ಮ ಒಮ್ಮೆ ನನ್ನ ಹತ್ತಿರ ಬಂದು, ಅವರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ದಣಿದಿದ್ದಾರೆ ಎಂದೆ. ಬೇರೇನು ಹೇಳುವುದು?

ಮರುವರ್ಷ ಉಪವಾಸದ ತಿಂಗಳು ಮುಗಿದು ಪೆರ್ನಾಲ್ ಹಬ್ಬ ಕಳೆದ ಮೇಲೆ, ರಜೆ ಮುಗಿಸಿ ಬಂದ ಬಂಟ್ವಾಳದ ಒಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟರು. ಮೇಲೆ ಏನೂ ಬರೆದಿರಲಿಲ್ಲ. ಪೊಡಿಯಾಕ ಅದನ್ನು ಸಂಜೆಯವರೆಗೆ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಕೊನೆಗೆ ನಾನೇ ಕಿತ್ತುಕೊಂಡು ಟೇಪಿಗೆ ಹಾಕಿದೆ. ಕೋಣೆಯಲ್ಲಿ ನಾವಿಬ್ಬರೇ.

"ಉಪ್ಪಾ, ಅಸ್ಸಲಾಮು ಅಲೈಕುಂ. ನಾನು ಖದೀಜತ್."

ನಾನು ಕ್ರಮದ ಪ್ರಕಾರ ಎದ್ದೆ. ಪೊಡಿಯಾಕ ನನ್ನ ಕೈ ಹಿಡಿದು ಕೂರಿಸಿದರು.

"ರಿಸಲ್ಟ್ ಬಂತು ಉಪ್ಪಾ. ಎಲ್ಲದರಲ್ಲೂ ಆಯ್ತು, ಲೆಕ್ಕದಲ್ಲಿ ಹೋಯ್ತು. ಮಾವ ಹೇಳ್ತಾರೆ, ಇಷ್ಟೆಲ್ಲ ಹೆಸರು ಕೆಟ್ಟದ್ದು ಫೇಲಾಗ್ಲಿಕ್ಕಾ ಅಂತ. ನಾನು ಎಂತ ಹೇಳುವುದು? ಉಮ್ಮ ಇಲ್ಲೇ ಕೂತಿದ್ದಾರೆ. ಮಾತಾಡುವುದಿಲ್ಲಂತೆ. ಆದರೆ ಕೇಳ್ತಾ ಇದ್ದಾರೆ. ಉಪ್ಪಾ, ನಿಮ್ಮ ಆ ಕ್ಯಾಸೆಟ್ ನನ್ನ ಹತ್ತಿರ ಉಂಟು. ಮಾವ ಬಿಸಾಡಿದ್ರು, ನಾನು ಹೆಕ್ಕಿ ಇಟ್ಟಿದ್ದೇನೆ. ಯಾರೂ ಇಲ್ಲದಾಗ ಹಾಕಿ ಕೇಳ್ತೇನೆ. ಒಂದು ವಿಷಯ ಕೇಳ್ಬೇಕಿತ್ತು. ಆ ಹುಡುಗಿಯರು ಎಂತಕ್ಕೆ ಅಷ್ಟು ನಗ್ತಿದ್ದದ್ದು?"

ಅಷ್ಟೇ. ಕ್ಯಾಸೆಟ್ಟಿನ ಉಳಿದ ಭಾಗವೆಲ್ಲ ಖಾಲಿ. ಖಾಲಿಯನ್ನೂ ನಾವು ಪೂರಾ ಕೇಳಿದೆವು. ಆಮೇಲೆ ಪೊಡಿಯಾಕ ಅತ್ತರು. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಆ ಶಾಲೆಯ ತಂದೆತಾಯಂದಿರಿಗಿಂತ ಜೋರಾಗಿ ಅತ್ತರು. ಮೂರು ವರ್ಷ ಊರು ಬಿಟ್ಟು, ಹೆಂಡತಿಯ ಮಾತು ಕಳೆದುಕೊಂಡು, ಕೊನೆಗೆ ಸಿಕ್ಕಿದ್ದು ಲೆಕ್ಕದಲ್ಲಿ ಫೇಲು. ನನಗೂ ಸಾಕುಸಾಕೆನಿಸಿತು.

"ಅಕ್ಟೋಬರಿನಲ್ಲಿ ಇನ್ನೊಮ್ಮೆ ಬರೀಬಹುದು" ಎಂದೆ ಕೊನೆಗೆ. "ಲೆಕ್ಕ ಒಂದೇ. ಹೋದದ್ದನ್ನು ಮಾತ್ರ ಬರೆದ್ರೆ ಆಯ್ತು."

ಅವರು ತಲೆ ಎತ್ತಿದರು. "ಹೌದಾ? ಇನ್ನೊಮ್ಮೆ ಬಿಡ್ತಾರಾ?"

"ಬಿಡ್ತಾರೆ."

ಮರುದಿನ ಅವರು ಪೇಟೆಯಿಂದ ಹೊಸ ಕ್ಯಾಸೆಟ್ ತರಿಸಿದರು. ಮಗಳ ದನಿಯ ಮೇಲೆ ಮಾತನಾಡಿ ಅದನ್ನು ಅಳಿಸಲು ಅವರು ತಯಾರಿರಲಿಲ್ಲ. ಶಾಲೆಗೆ ಬೇಸಿಗೆ ರಜೆ ಹತ್ತಿರ ಬಂದಿತ್ತು, ಹಾಲಿನಲ್ಲಿ ಕುರ್ಚಿ ಹಾಕುವ ಮೊದಲಿನ ಕೊನೆಯ ಆಟ. ಸಂಜೆ ನಾನು ಮೇಣದ ಡಬ್ಬಗಳನ್ನು ಇಳಿಸಲು ಹೋಗಿದ್ದೆ. ಪೊಡಿಯಾಕ ಪೊರಕೆಯ ಕೋಣೆಯಲ್ಲಿ, ಅದೇ ಬಕೆಟಿನ ಮೇಲೆ, ತೊಡೆಯ ಮೇಲೆ ನನ್ನ ಟೇಪ್‌ರೆಕಾರ್ಡರ್ ಇಟ್ಟು ಕೂತಿದ್ದರು. ನಾನು ಬಾಗಿಲು ಎಳೆಯಲು ಹೋದೆ. ಈ ಸಲವಾದರೂ ನಗು ಒಳಗೆ ಬರದಿರಲಿ ಎಂದು.

"ಮುಚ್ಚಬೇಡ" ಎಂದರು.

"ಮತ್ತೆ ಎಲ್ಲರೂ ಕೇಳ್ತಾರೆ ಪೊಡಿಯಾಕ. ನಿಮ್ಮ ಭಾವ ಕೇಳ್ತಾರೆ, ಊರು ಕೇಳ್ತದೆ."

"ಕೇಳಲಿ. ಹವ್ವಮ್ಮನೂ ಕೇಳಲಿ."

ಹಾಲಿನಲ್ಲಿ ಒಬ್ಬಳು ಉದ್ದ ಜಡೆಯ ಹುಡುಗಿ ಬುಟ್ಟಿಗೆ ಚೆಂಡೆಸೆದಳು. ಅದು ಹಲಗೆಗೆ ಬಡಿದು, ಹಿಂದೆ ಹಾರಿ, ಟೀಚರಮ್ಮನ ಬೆನ್ನಿಗೇ ತಾಗಿತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು; ಎಸೆದವಳು ಎಲ್ಲರಿಗಿಂತ ಹೆಚ್ಚು ನಕ್ಕಳು. ಪೊಡಿಯಾಕ ಗುಂಡಿ ಒತ್ತಿದರು.

"ಖದೀಜತ್, ಕೇಳ್ತದಾ? ಅವರೇ. ಈಗ ಒಬ್ಬಳು ಚೆಂಡು ಹಾಕಿದ್ಲು, ತಪ್ಪಿತು. ಅದಕ್ಕೆ ನಗುವುದು. ಇವರು ತಪ್ಪಿದ್ರೆ ನಗ್ತಾರೆ ಮಗಳೇ. ಯಾರೂ ಬೈಯುವುದಿಲ್ಲ." ಅವರು ಕತ್ತು ಚಾಚಿ ಹಾಲಿನ ಕಡೆ ನೋಡಿದರು. "ಈಗ ಅವಳು ಚೆಂಡು ಹೆಕ್ಕಿದ್ಲು. ಅವಳೇ. ಪುನಃ ಹಾಕ್ತಾಳೆ, ತಡಿ."

ಆಮೇಲೆ ಟೇಪ್‌ರೆಕಾರ್ಡರನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಕಡೆಗೆ ಹಿಡಿದು ಕೂತರು.